ಮೇಷ್ಟ್ರಿಗೊಂದು ಕಾಗದ: ಟ್ರಿಮ್ ಊರಿನ ಸೀಟು, ಶ್ರೀರಂಗಪಟ್ಟಣದ ಸೇತುವೆ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗ ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನಾನೂ ನನ್ನ ಮನೆಯವರೂ ಅಲ್ಲಿಗೆ ಹೋಗಿದ್ದಾಗ ಟ್ರಿಮ್ ಅನ್ನುವ ಸಣ್ಣ ಊರಿನ ಕೋಟೆ ನೋಡಲು ಕರೆದುಕೊಂಡು ಹೋದ. ಊರೊಳಗೆ ಎತ್ತರದ ಕಂಬ, ಅದರ ತುದಿಯಲ್ಲಿ ವೆಲ್ಲಿಂಗ್ಟನ್ ಪ್ರತಿಮೆ. ‘ಇವರು ನಮ್ಮೂರಿನ ಎಂಪಿ ಆಗಿದ್ದವರು’ ಎಂದು ಅಲ್ಲಿನ ಅಂಗಡಿಯವರು ಹೇಳಿದರು. ನಮ್ಮೂರಿನ ವೆಲ್ಲೆಸ್ಲಿ ಸೇತುವೆಯ ವೆಲ್ಲೆಸ್ಲಿ ಇವರೇನಾ? ಐರ್ಲೆಂಡಿಗೆ ಬೇರೆ ಪಾರ್ಲಿಮೆಂಟೇ ಇತ್ತಾ? ಅಷ್ಟು ಸಣ್ಣ ಊರಿಗೊಬ್ಬ ಎಂಪಿ ಹೇಗೆ?
— ಶ್ರೀರಂಗಪಟ್ಟಣದ ಓದುಗರು

ಉತ್ತರ: ಒಬ್ಬ ಅಲ್ಲ ಸ್ವಾಮಿ, ಇಬ್ಬರು! ಟ್ರಿಮ್ ಊರಿಗೆ ಇಬ್ಬರು ಎಂಪಿಗಳಿದ್ದರು. ಅದರ ಪಕ್ಕದ ಕೆಲ್ಸ್, ನಾವನ್, ಅತ್‌ಬಾಯ್, ಡುಲೀಕ್, ರಟೋತ್ ಊರುಗಳಿಗೂ ಇಬ್ಬಿಬ್ಬರು. ಇವೆಲ್ಲ ಸೇರಿದ ಮೀತ್ ಕೌಂಟಿಗೆ ಬೇರೆಯಾಗಿ ಇನ್ನಿಬ್ಬರು. ಅಂದರೆ ನಮ್ಮ ಒಂದೆರಡು ತಾಲ್ಲೂಕಿನಷ್ಟು ಜಾಗದಿಂದ 14 ಜನ ಡಬ್ಲಿನ್ನಿಗೆ ಹೋಗಿ ಕೂರುತ್ತಿದ್ದರು.

ಮೊದಲು ನಿಮ್ಮ ಸೇತುವೆಯ ವಿಷಯ ಮುಗಿಸಿಬಿಡೋಣ. ಕಂಬದ ಮೇಲೆ ನೀವು ನೋಡಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದವನು. ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿಸಿದ ಸೇತುವೆಗಿರುವುದು ಇವನ ಹೆಸರಲ್ಲ, ಇವನಣ್ಣ ರಿಚರ್ಡ್‌ನದು. ಆಗಿನ ಗವರ್ನರ್ ಜನರಲ್ ಅವನು. ಆದರೆ ಅಂಗಡಿಯವರ ಮಾತು ಅಣ್ಣನಿಗೂ ಸಲ್ಲುತ್ತದೆ. ರಿಚರ್ಡ್ 1780ರಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿ ಇದೇ ಟ್ರಿಮ್‌ನಿಂದ ಎಂಪಿ ಆದ. ಮಾರನೆಯ ವರ್ಷ ಅಪ್ಪ ತೀರಿಕೊಂಡು ಅರ್ಲ್ ಪದವಿ ಇವನಿಗೆ ಬಂತು, ಮೇಲ್ಮನೆಗೆ ಹೋದ. 1783ರಿಂದ 1790ರವರೆಗೆ ಎರಡನೆಯವನು ವಿಲಿಯಂ. 1790ರಲ್ಲಿ ಮೂರನೆಯವನು ಆರ್ಥರ್. 1795ರಲ್ಲಿ ಕಿರಿಯವನು ಹೆನ್ರಿ. ಹಿಂದಕ್ಕೆ ಹೋದರೆ 1757ರಲ್ಲಿ ಇವರಪ್ಪ ಗ್ಯಾರೆಟ್, ಅದಕ್ಕೂ ಹಿಂದೆ 1729ರಿಂದ 1746ರವರೆಗೆ ಇವರ ತಾತ. ಹಿತ್ತಲಿನ ತೆಂಗಿನ ಮರದ ಹಾಗೆ ಆ ಸೀಟು. ಮನೆಯಲ್ಲಿ ಯಾರಿಗೆ ಬೇಕೋ ಅವರು ಕಾಯಿ ಕೆಡವಿಕೊಳ್ಳುತ್ತಿದ್ದರು.

ಇನ್ನು ಪಾರ್ಲಿಮೆಂಟು. ಇತ್ತು, ಐನೂರು ವರ್ಷಕ್ಕೂ ಮಿಗಿಲಾಗಿ ನಡೆಯಿತು. ಕೊನೆಗಾಲದಲ್ಲಿ ಕೆಳಮನೆಗೆ 300 ಸದಸ್ಯರು. 32 ಕೌಂಟಿಗಳಿಗೆ ಇಬ್ಬಿಬ್ಬರಂತೆ 64, ಡಬ್ಲಿನ್ ವಿಶ್ವವಿದ್ಯಾಲಯಕ್ಕೆ 2, ಉಳಿದ 234 ಪೂರ್ತಿ ಟ್ರಿಮ್‌ನಂಥ 117 ಪಟ್ಟಣಗಳದ್ದು. ರಾಜ ಒಬ್ಬನೇ, ಲಂಡನ್ನಿನಲ್ಲಿದ್ದವನು. 1494ರ ಪಾಯ್ನಿಂಗ್ಸ್ ಕಾಯಿದೆ ಬಂದ ಮೇಲೆ ರಾಜನ, ಅವನ ಮಂತ್ರಾಲೋಚನಾ ಸಭೆಯ ಒಪ್ಪಿಗೆ ಇಲ್ಲದೆ ಇಲ್ಲಿ ಯಾವ ಮಸೂದೆಯನ್ನೂ ತರುವಂತಿರಲಿಲ್ಲ. 1782ರಲ್ಲಿ ಹೆನ್ರಿ ಗ್ರಾಟನ್ ಮುಂತಾದವರ ಹೋರಾಟದಿಂದ ಆ ಹಗ್ಗ ಸ್ವಲ್ಪ ಸಡಿಲವಾಯಿತು. ಅಲ್ಲಿಂದ 1800ರವರೆಗಿನ ಹದಿನೆಂಟು ವರ್ಷವನ್ನು ಐರಿಷರು ಇವತ್ತಿಗೂ ‘ಗ್ರಾಟನ್ ಪಾರ್ಲಿಮೆಂಟು’ ಅಂತಲೇ ಕರೆಯುತ್ತಾರೆ. ನಿಮ್ಮ ಕಂಬದ ಮೇಲಿನ ಯಜಮಾನರು ಕೂತು ಎದ್ದದ್ದು ಆ ಸಭೆಯಲ್ಲಿ.

ಅಷ್ಟು ಸಣ್ಣ ಊರಿಗೆ ಎಂಪಿ ಹೇಗೆ ಅಂದಿರಿ. ಈಗ ಅದು ಸಣ್ಣ ಊರು. ಡಬ್ಲಿನ್ನಿನಿಂದ ವಾಯವ್ಯಕ್ಕೆ ಸುಮಾರು 45 ಕಿಲೋಮೀಟರ್, ಬಾಯ್ನ್ ನದಿಯ ದಡ. ಆದರೆ ಹನ್ನೆರಡನೇ ಶತಮಾನದ ಕೊನೆಗೆ ಹ್ಯೂ ಡಿ ಲೇಸಿ ಅನ್ನುವ ನಾರ್ಮನ್ ಸರದಾರ ಕಟ್ಟಲು ಶುರು ಮಾಡಿದ ಆ ಕೋಟೆ, ನೀವು ನೋಡಿದಿರಲ್ಲ, ಇಪ್ಪತ್ತು ಮೂಲೆಯ ನಡುಗೋಪುರದ್ದು, ಐರ್ಲೆಂಡಿನಲ್ಲೇ ನಾರ್ಮನ್ನರು ಕಟ್ಟಿದ ಅತಿ ದೊಡ್ಡ ಕೋಟೆ. ಇಂಗ್ಲಿಷರ ಕೈ ನಿಜವಾಗಿ ನಡೆಯುತ್ತಿದ್ದ ಪ್ರದೇಶದ ಗಡಿ ಕಾಯುತ್ತಿದ್ದ ಊರು ಅದು. ಹಾಗಾಗಿ ಅದಕ್ಕೆ ಸನ್ನದು ಸಿಕ್ಕಿತು, ನಗರಸಭೆ ಸಿಕ್ಕಿತು, ಸಭೆಗೆ ಇಬ್ಬರನ್ನು ಕಳಿಸುವ ಹಕ್ಕೂ ಸಿಕ್ಕಿತು. ಊರಿನ ದೆಸೆ ಕುಂದಿತು, ಹಕ್ಕು ಮಾತ್ರ ಹಾಗೇ ಉಳಿಯಿತು.

ಸರ್ಕಾರಿ ಕಾಲೇಜಿನ ನೌಕರಿಯಲ್ಲಿ ಚುನಾವಣಾ ಡ್ಯೂಟಿ ತಪ್ಪಿಸಿಕೊಂಡವರಿಲ್ಲ. ನಾನೂ ಪೆಟ್ಟಿಗೆ ಹೊತ್ತವನೇ. ಮತದಾರರ ಪಟ್ಟಿ, ಏಜೆಂಟರ ಜಗಳ, ಬೆರಳಿನ ಶಾಯಿ ಎಲ್ಲ ಕಂಡವನಿಗೆ ಟ್ರಿಮ್ ಚುನಾವಣೆಯ ಸೊಗಸು ಬೇಗ ತಿಳಿಯುತ್ತದೆ. ಅಲ್ಲಿ ಊರವರಿಗೆಲ್ಲ ಮತವಿರಲಿಲ್ಲ. ನಗರಸಭೆಯ ಮುಖ್ಯಸ್ಥ, ಕೆಲವು ಮಂದಿ ಸಭಾಸದರು, ಮತ್ತೆ ಆ ಸಭೆಯೇ ‘ಫ್ರೀಮನ್’ ಎಂದು ಸೇರಿಸಿಕೊಂಡವರು, ಇವರಿಗೆ ಮಾತ್ರ ಮತ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದೂ ಅವರದೇ ತೀರ್ಮಾನ. ಆದ್ದರಿಂದ ಚುನಾವಣೆಯ ದಿನ ಏನೂ ನಡೆಯುತ್ತಿರಲಿಲ್ಲ. ನಡೆಯುತ್ತಿದ್ದುದೆಲ್ಲ ಅದಕ್ಕೂ ಮುಂಚೆ, ಪಟ್ಟಿಗೆ ಹೆಸರು ಸೇರಿಸುವ ದಿನ.

ಇದಕ್ಕೆ ಆರ್ಥರನ ಕಥೆಯೇ ಸಾಕ್ಷಿ. 1790ರ ಚುನಾವಣೆಗೆ ಸ್ವಲ್ಪ ಮುಂಚೆ ಟ್ರಿಮ್ ನಗರಸಭೆಯಲ್ಲಿ ಯಾರೋ ಒಂದು ಸೂಚನೆ ತಂದರು: ದೇಶದ ದೊಡ್ಡ ನಾಯಕ ಗ್ರಾಟನ್‌ಗೆ ನಮ್ಮೂರಿನ ಫ್ರೀಮನ್ ಗೌರವ ಕೊಡೋಣ ಅಂತ. ಮೇಲ್ನೋಟಕ್ಕೆ ಹಾರ ಹಾಕಿ ಶಾಲು ಹೊದಿಸುವ ಕಾರ್ಯಕ್ರಮ. ವೆಲ್ಲೆಸ್ಲಿ ಮನೆಯವರಿಗೆ ಮಾತ್ರ ಎದೆ ಹೊಡೆದುಕೊಂಡಿತು. ವಿರೋಧ ಪಕ್ಷದ ತಲೆಯಾಳೇ ಪಟ್ಟಿಯೊಳಗೆ ಬಂದು ಕೂತರೆ ನಾಳೆ ಅವನ ಹಿಂದೆ ಹತ್ತು ಜನ ಬರುತ್ತಾರೆ, ಸೀಟು ಕೈಬಿಡುತ್ತದೆ. ಡಬ್ಲಿನ್ ಕ್ಯಾಸಲ್ಲಿನಲ್ಲಿ ವೈಸರಾಯ್ ಪರಿವಾರದ ಸಹಾಯಕ ಸೇನಾಧಿಕಾರಿಯಾಗಿ (ಎ.ಡಿ.ಸಿ.) ಇಸ್ಪೀಟು, ಪಿಟೀಲು, ಸಾಲ ಅಂತ ಕಾಲ ಕಳೆಯುತ್ತಿದ್ದ ಆರ್ಥರನನ್ನು ಅಣ್ಣ ಊರಿಗೆ ಓಡಿಸಿದ. ಅವನು ಬಂದು ಮಾತಾಡಿದ. ಅವನ ವಾದದ ತಿರುಳು ಇಷ್ಟು: ಗ್ರಾಟನ್‌ಗೆ ಈ ಗೌರವ ಕೊಡಲು ನೀವು ಹೇಳುವ ಕಾರಣ ಅವರು ಗೌರವಸ್ಥರು ಅನ್ನುವುದೊಂದೇ, ಗೌರವಸ್ಥರನ್ನೆಲ್ಲ ಸೇರಿಸುತ್ತ ಹೋದರೆ ಊರಿಗೆ ಊರೇ ಫ್ರೀಮನ್ ಆಗಿಬಿಡುತ್ತದಲ್ಲ!

ಊರಿಗೆ ಊರೇ ಮತದಾರರಾದರೆ ಏನು ಗತಿ ಅನ್ನುವುದು ಅಲ್ಲಿ ವಾದವಾಗಿ ಗೆದ್ದಿತು ನೋಡಿ. ಸೂಚನೆ ಬಿದ್ದುಹೋಯಿತು.

ಅದೇ ಸಂದರ್ಭದ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಮತ ಇದ್ದ ಒಬ್ಬ ಹಿರಿಯ ಆಸಾಮಿ ಇವನನ್ನು ಹಿಡಿದು, ‘ನಿಮ್ಮಣ್ಣ ನನಗೆ ಕೊಡಬೇಕಾದ ಬಾಕಿ ಏನಾಯಿತು’ ಎಂದು ಕೇಳಿದ. ಆರ್ಥರ್ ಆ ವ್ಯವಹಾರಕ್ಕೆ ಕೈ ಹಾಕಲಿಲ್ಲ. ಚುನಾವಣೆ ಹತ್ತಿರವಿರುವಾಗ ಮತದಾರನಿಗೆ ದುಡ್ಡು ಕೊಟ್ಟರೆ, ಅದು ಹಳೆ ಸಾಲವೇ ಆಗಿದ್ದರೂ, ತನ್ನ ಆಯ್ಕೆ ಅಸಿಂಧು ಆದೀತು ಎಂದು ಅಣ್ಣನಿಗೆ ಬರೆದ. ಸೀಟು ಅಪ್ಪನ ಆಸ್ತಿ, ಅದು ತಪ್ಪಲ್ಲ. ಸಾಲ ತೀರಿಸಿದರೆ ಲಂಚ! ಆ ಕಾಲದ ಕಾನೂನಿನ ಕಣ್ಣು ಎಲ್ಲಿ ತೆರೆಯುತ್ತಿತ್ತು, ಎಲ್ಲಿ ಮುಚ್ಚುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಏಪ್ರಿಲ್ ಕೊನೆಗೆ ಆರಿಸಿ ಬಂದ. ವಯಸ್ಸು ಇಪ್ಪತ್ತೊಂದರ ಹೊಸ್ತಿಲಲ್ಲಿ. ಅವನು ಜೀವನವಿಡೀ ಹುಟ್ಟುಹಬ್ಬ ಆಚರಿಸಿದ್ದು 1769ರ ಮೇ 1 ಎಂಬ ಲೆಕ್ಕದಲ್ಲಿ. ಡಬ್ಲಿನ್ನಿನ ಚರ್ಚಿನ ದಾಖಲೆಯಲ್ಲಿ ನಾಮಕರಣವಾದದ್ದು ಅದೇ ವರ್ಷ ಏಪ್ರಿಲ್ 30ಕ್ಕೆ! ಹುಟ್ಟುವ ಮೊದಲೇ ಹೆಸರಿಟ್ಟರೋ ಏನೋ. ನಮ್ಮ ಕಡೆ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದ ಹುಟ್ಟಿದ ದಿನದಲ್ಲೇ ಪಿಂಚಣಿ ಪಡೆದವರು ಎಷ್ಟು ಮಂದಿ ಇದ್ದಾರೆ, ಅವರ್‍ಯಾರೂ ಇದನ್ನು ಓದಿ ನಗುವುದಿಲ್ಲ.

ಸಭೆಯಲ್ಲಿ ಅವನು ಹೆಚ್ಚು ಮಾತಾಡಿದವನಲ್ಲ. ಸರ್ಕಾರದ ಪರವಾಗಿ ಕೈ ಎತ್ತುವುದು, ಕ್ಯಾಸಲ್ಲಿಗೆ ವಾಪಸ್ ಬರುವುದು. 1793ರ ಜನವರಿಯಲ್ಲಿ ರಾಜನಿಗೆ ಸಲ್ಲಿಸುವ ವಂದನಾ ನಿರ್ಣಯವನ್ನು ಅನುಮೋದಿಸಿ ಮಾತಾಡಿದ. ಕ್ಯಾಥೊಲಿಕರಿಗೆ ಕೆಲವು ಹಕ್ಕು ಕೊಡುವುದಕ್ಕೆ ತನ್ನ ಒಪ್ಪಿಗೆ ಇದೆ ಅಂದ. ಅವರೂ ಬಂದು ಈ ಸಭೆಯಲ್ಲೇ ಕೂರಲಿ ಅನ್ನುವುದಕ್ಕೆ ಮಾತ್ರ ಒಪ್ಪಲಿಲ್ಲ. ಅದೇ ವರ್ಷ ಮದುವೆಯ ಮಾತು ಮುರಿದುಬಿತ್ತು. ಹುಡುಗಿಯ ಮನೆಯವರು ಇವನ ಸಾಲದ ಲೆಕ್ಕ ನೋಡಿ ಬೇಡ ಅಂದರು. ಪಿಟೀಲುಗಳನ್ನು ಸುಟ್ಟುಹಾಕಿ ಸಿಪಾಯಿಗಿರಿಯನ್ನೇ ಗಟ್ಟಿಯಾಗಿ ಹಿಡಿದ. ಇವರಪ್ಪ ಗ್ಯಾರೆಟ್ ಒಳ್ಳೆ ಸಂಗೀತಗಾರ, ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಆ ವಿದ್ಯೆ ಮಗನ ಕೈಯಲ್ಲಿ ಹೀಗೆ ಬೂದಿಯಾಯಿತು.

ಆಮೇಲಿನದು ನಿಮ್ಮೂರಿನ ಕಥೆ, ನಿಮಗೆ ನಾನು ಹೇಳಬೇಕಿಲ್ಲ. 1797ರ ಫೆಬ್ರವರಿಯಲ್ಲಿ ಆರ್ಥರ್ ಕಲ್ಕತ್ತೆಯಲ್ಲಿ ಇಳಿದ. 1798ರಲ್ಲಿ ಅಣ್ಣನೇ ಗವರ್ನರ್ ಜನರಲ್ ಆಗಿ ಬಂದ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆ ತೋಪಿನಲ್ಲಿ ಟಿಪ್ಪುವಿನ ಸೈನಿಕರು ಆರ್ಥರನನ್ನು ಕತ್ತಲಲ್ಲಿ ದಿಕ್ಕೆಡಿಸಿ ಹಿಮ್ಮೆಟ್ಟಿಸಿದರು. ಮೇ 4ಕ್ಕೆ ಕೋಟೆ ಬಿತ್ತು. ಆದರೆ ಒಂದು ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಕೋಟೆ ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಹೇಗೆ ಹಂಚಬೇಕು, ಯಾರನ್ನು ಪಟ್ಟಕ್ಕೆ ಕೂರಿಸಬೇಕು ಎಂದು ವ್ಯವಸ್ಥೆ ಮಾಡಲು ಐದು ಜನರ ಆಯೋಗ ನೇಮಿಸಿದರಲ್ಲ, ಜನರಲ್ ಹ್ಯಾರಿಸ್, ಬ್ಯಾರಿ ಕ್ಲೋಸ್, ಕರ್ಕ್‌ಪ್ಯಾಟ್ರಿಕ್ ಇವರ ಜೊತೆ ಇನ್ನಿಬ್ಬರು ಯಾರು? ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ. ಇಬ್ಬರೂ ಟ್ರಿಮ್‌ನ ಮಾಜಿ ಎಂಪಿಗಳು. ನೇಮಿಸಿದವನು ಟ್ರಿಮ್‌ನ ಇನ್ನೊಬ್ಬ ಮಾಜಿ ಎಂಪಿ. ಬಾಯ್ನ್ ದಡದ ಒಂದು ಪಟ್ಟಣದಲ್ಲಿ ಬೆರಳೆಣಿಕೆಯ ಜನ ಕೈ ಎತ್ತಿ ಆರಿಸಿದ ಹುಡುಗರು ಕಾವೇರಿ ದಡದಲ್ಲಿ ಕೂತು ಕೃಷ್ಣರಾಜ ಒಡೆಯರಿಗೆ ಎಷ್ಟು ನೆಲ, ನಿಜಾಮನಿಗೆ ಎಷ್ಟು, ಕಂಪನಿಗೆ ಎಷ್ಟು ಎಂದು ಗೀಟು ಎಳೆದರು.

ನಿಮ್ಮ ಮಗನಿಗೆ ಹೇಳಿ: ಟ್ರಿಮ್‌ನಲ್ಲಿ ಕೋಟೆಯ ಎದುರು, ನದಿಯಾಚೆ ಟಾಲ್ಬಟ್ ಕ್ಯಾಸಲ್ ಅಂತ ಒಂದು ಹಳೆ ಮನೆ ಇದೆ. ಚಿಕ್ಕಂದಿನಲ್ಲಿ ಆರ್ಥರ್ ಸ್ವಲ್ಪ ಕಾಲ ಓದಿದ ಶಾಲೆ ಅದರಲ್ಲಿತ್ತು. ಕಂಬ ನಿಲ್ಲಿಸಿದ್ದು 1817ರಲ್ಲಿ, ವಾಟರ್ಲೂ ಆದ ಎರಡು ವರ್ಷಕ್ಕೆ.

ಪ್ರಶ್ನೆ: ಐರ್ಲೆಂಡಿನ ಪಾರ್ಲಿಮೆಂಟು ಮೀಸೆ ಬೋಳಿಸಬೇಕೆಂದು ಕಾನೂನು ಮಾಡಿತ್ತಂತೆ. ಇದು ವಾಟ್ಸಾಪ್ ಪುರಾಣವೋ ನಿಜವೋ?
— ಚಿತ್ರದುರ್ಗದ ಓದುಗರು

ಉತ್ತರ: ನೂರಕ್ಕೆ ನೂರು ನಿಜ. ಅದು ಆದದ್ದೂ ಇದೇ ಟ್ರಿಮ್ ಊರಿನಲ್ಲಿ! ಮೇಲಿನ ಉತ್ತರ ಬರೆಯುವಾಗ ನಿಮ್ಮ ಕಾಗದವೂ ಮೇಜಿನ ಮೇಲಿತ್ತು, ಅದಕ್ಕೇ ಒಟ್ಟಿಗೆ ಹಾಕಿದ್ದೇನೆ.

ಹದಿನೈದನೇ ಶತಮಾನದಲ್ಲಿ ಆ ಪಾರ್ಲಿಮೆಂಟಿಗೆ ಸ್ವಂತ ಕಟ್ಟಡ ಇರಲಿಲ್ಲ. ಡಬ್ಲಿನ್, ಡ್ರೋಗೆಡ, ನೇಸ್, ಟ್ರಿಮ್ ಹೀಗೆ ವೈಸರಾಯ್ ಎಲ್ಲಿ ಕರೆದರೆ ಅಲ್ಲಿ. 1447ರ ಜನವರಿಯಲ್ಲಿ ಟ್ರಿಮ್‌ನಲ್ಲಿ ಸೇರಿದ ಸಭೆ ಒಂದು ಕಾಯಿದೆ ಮಾಡಿತು. ತನ್ನನ್ನು ಇಂಗ್ಲಿಷನೆಂದು ಪರಿಗಣಿಸಬೇಕು ಅನ್ನುವವನು ಮೇಲ್ದುಟಿಯ ಮೇಲೆ ಕೂದಲು ಬಿಡಕೂಡದು. ಎರಡು ವಾರಕ್ಕೆ ಒಮ್ಮೆಯಾದರೂ ಅಲ್ಲಿ ಕ್ಷೌರ ಆಗಲೇಬೇಕು. ಬಿಟ್ಟವನನ್ನು ಯಾರು ಬೇಕಾದರೂ ‘ಐರಿಷ್ ಶತ್ರು’ ಎಂದು ಹಿಡಿಯಬಹುದು, ಅವನ ಸೊತ್ತು ಕಿತ್ತುಕೊಳ್ಳಬಹುದು. ತಮಾಷೆ ಅನ್ನಿಸುತ್ತದೆ, ಆದರೆ ಅದರ ಹಿಂದಿನ ಹೆದರಿಕೆ ತಮಾಷೆಯದಲ್ಲ. ಇಂಗ್ಲೆಂಡಿನಿಂದ ಬಂದು ನೆಲೆಸಿದವರ ಮೊಮ್ಮಕ್ಕಳು ಐರಿಷ್ ಮಾತಾಡುತ್ತ, ಐರಿಷರಂತೆ ಮೀಸೆ ಬಿಟ್ಟು, ಅವರಲ್ಲೇ ಹೆಣ್ಣು ತಂದು, ಅವರ ಹಾಗೇ ಆಗಿಹೋಗುತ್ತಿದ್ದರು. ಗಡಿಯಲ್ಲಿ ಎದುರಿಗೆ ಬಂದವನು ನಮ್ಮವನೋ ಅಲ್ಲವೋ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

1465ರಲ್ಲಿ ಟ್ರಿಮ್‌ನಲ್ಲೇ ಇನ್ನೊಂದು ಸಭೆ. ಈ ಸಲ ಉಲ್ಟಾ. ಡಬ್ಲಿನ್ ಸುತ್ತಿನ ನಾಲ್ಕು ಕೌಂಟಿಗಳಲ್ಲಿ ವಾಸಿಸುವ ಐರಿಷರು ಇಂಗ್ಲಿಷರಂತೆ ಉಡುಪು ಹಾಕಬೇಕು, ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕು. ಎಂಥ ಹೆಸರು ಅನ್ನುವುದಕ್ಕೆ ಕಾಯಿದೆಯಲ್ಲೇ ಮಾದರಿ ಕೊಟ್ಟಿದ್ದಾರೆ: ಊರಿನ ಹೆಸರಾದರೆ ಸಟನ್, ಚೆಸ್ಟರ್, ಟ್ರಿಮ್, ಕಾರ್ಕ್, ಬಣ್ಣವಾದರೆ ವೈಟ್, ಬ್ಲ್ಯಾಕ್, ಬ್ರೌನ್, ಕಸುಬಾದರೆ ಸ್ಮಿತ್, ಕಾರ್ಪೆಂಟರ್, ಹುದ್ದೆಯಾದರೆ ಕುಕ್, ಬಟ್ಲರ್. ಗುಮಾಸ್ತ ಬರೆಯುತ್ತ ಬರೆಯುತ್ತ ತಾನು ಕೂತ ಊರಿನ ಹೆಸರನ್ನೂ ಪಟ್ಟಿಗೆ ಸೇರಿಸಿದ್ದಾನೆ.

ಪ್ರಶ್ನೆ: ಮೇಷ್ಟ್ರೇ, ನಾನು ಬಿ.ಎ. ವಿದ್ಯಾರ್ಥಿನಿ. 1800ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟು ತನ್ನನ್ನು ತಾನೇ ಮುಚ್ಚಿಕೊಂಡಿತು ಎಂದು ಓದಿದೆ. ಸದಸ್ಯರೇ ತಮ್ಮ ಕುರ್ಚಿ ಹೋಗುವುದಕ್ಕೆ ಮತ ಹಾಕುತ್ತಾರೆಯೇ? ಟ್ರಿಮ್‌ನಂಥ ಸಣ್ಣ ಊರುಗಳ ಸ್ಥಾನ ಏನಾಯಿತು?
— ಧಾರವಾಡದ ಓದುಗರು

ಉತ್ತರ: ದುಡ್ಡು ಕೊಟ್ಟರೆ ಹಾಕುತ್ತಾರಮ್ಮ. ಇಲ್ಲಿ ಕೊಟ್ಟದ್ದು ಗುಟ್ಟಾಗಿ ಮಾತ್ರ ಅಲ್ಲ, ಕಾಯಿದೆ ಮಾಡಿಯೇ ಕೊಟ್ಟರು.

1798ರಲ್ಲಿ ಐರ್ಲೆಂಡಿನಲ್ಲಿ ದೊಡ್ಡ ದಂಗೆಯಾಯಿತು, ಫ್ರೆಂಚರೂ ಬಂದಿಳಿದರು. ಇನ್ನು ಈ ಸಭೆಯನ್ನು ಬೇರೆ ಬಿಟ್ಟರೆ ದೇಶ ಕೈತಪ್ಪುತ್ತದೆ ಎಂದು ಪ್ರಧಾನಿ ಪಿಟ್ ಅದನ್ನು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕರಗಿಸಲು ಹೊರಟ. ಆ ಕೆಲಸಕ್ಕೆ ವೈಸರಾಯ್ ಆಗಿ ಬಂದವನ ಹೆಸರು ನಿನಗೆ ಗೊತ್ತು: ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಅಲ್ಲಿ ಫಿರಂಗಿ ತಂದವನು ಇಲ್ಲಿ ಥೈಲಿ ತಂದ.

1799ರ ಜನವರಿ 24ರಂದು ಕೆಳಮನೆ ಆ ಯೋಚನೆಯನ್ನು 111ಕ್ಕೆ 106 ಮತಗಳಿಂದ ತಳ್ಳಿಹಾಕಿತು. ಬರೀ ಐದು ಮತ. ಮುಂದಿನ ಒಂದು ವರ್ಷ ಕಾರ್ನ್‌ವಾಲಿಸ್, ಅವನ ಕಾರ್ಯದರ್ಶಿ ಕ್ಯಾಸಲ್‌ರೇ ಇಬ್ಬರೂ ಕೂತು ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ಯಾರಿಗೆ ಪದವಿ, ಯಾರ ಅಳಿಯನಿಗೆ ನೌಕರಿ, ಯಾರಿಗೆ ಪಿಂಚಣಿ. ಕಾರ್ನ್‌ವಾಲಿಸ್ ಗೆಳೆಯನಿಗೆ ಬರೆದ ಕಾಗದಗಳಲ್ಲಿ ಈ ಹೊಲಸು ಕೆಲಸಕ್ಕೆ ಕೈ ಹಾಕಿದ್ದಕ್ಕೆ ತನ್ನ ಮೇಲೆ ತನಗೇ ಗಳಿಗೆಗಳಿಗೆಗೂ ಹೇಸಿಗೆಯಾಗುತ್ತದೆ ಎಂದು ಹೇಳಿಕೊಂಡಿದ್ದಾನೆ. ಹೇಸಿಗೆ ಪಟ್ಟುಕೊಂಡೇ ಪೂರ್ತಿ ಮಾಡಿದ. 1800ರ ಫೆಬ್ರವರಿ 6ಕ್ಕೆ ಅದೇ ಮನೆ 158ಕ್ಕೆ 115ರಿಂದ ಒಪ್ಪಿತು. ಆಗಸ್ಟ್ 1ಕ್ಕೆ ರಾಜನ ಅಂಕಿತ ಬಿತ್ತು. 1801ರ ಜನವರಿ 1ರಿಂದ ಜಾರಿ.

ಈಗ ಸಣ್ಣ ಊರುಗಳು. ಲಂಡನ್ನಿನಲ್ಲಿ ಐರ್ಲೆಂಡಿಗೆ ಕೊಟ್ಟದ್ದು 100 ಸ್ಥಾನ. ಮುನ್ನೂರು ಹೋಗಿ ನೂರು. ಕೌಂಟಿಗಳ 64 ಹಾಗೇ ಉಳಿದವು, ಕತ್ತರಿ ಬಿದ್ದದ್ದು ಪಟ್ಟಣಗಳಿಗೆ. 84 ಪಟ್ಟಣಗಳು ಪೂರ್ತಿ ಹಕ್ಕು ಕಳೆದುಕೊಂಡವು. ಮೀತ್ ಕೌಂಟಿಯ ಆರೂ ಆ ಪಟ್ಟಿಯಲ್ಲಿದ್ದವು, ಟ್ರಿಮ್ ಅದರಲ್ಲೊಂದು. ಒಂದೊಂದು ಪಟ್ಟಣಕ್ಕೆ 15,000 ಪೌಂಡು ಪರಿಹಾರ, ಅಂದರೆ ಒಂದು ಸೀಟಿಗೆ 7,500. ಒಟ್ಟು 12 ಲಕ್ಷದ 60 ಸಾವಿರ ಪೌಂಡು.

ಪರಿಹಾರ ಯಾರಿಗೆ ಅನ್ನುತ್ತೀಯ? ಹಕ್ಕು ಕಳೆದುಕೊಂಡ ಊರವರಿಗೆ ಒಂದು ಪೆನ್ನಿಯೂ ಇಲ್ಲ. ಊರನ್ನು ಜೇಬಿನಲ್ಲಿಟ್ಟುಕೊಂಡಿದ್ದ ಧಣಿಗೆ! ಏಳು ಸೀಟು ಇದ್ದ ಡೌನ್‌ಶೈರ್ ಮಾರ್ಕ್ವಿಸ್‌ಗೆ 52,500. ಆರು ಸೀಟಿದ್ದ ಈಲಿ ಎಂಬ ಇನ್ನೊಬ್ಬ ಧಣಿಗೆ 45,000. ಡೌನ್‌ಶೈರ್ ಅಂತೂ ಈ ವಿಲೀನದ ಕಡು ವಿರೋಧಿ. ಆದರೂ ದುಡ್ಡು ಬಂತು, ಯಾಕೆಂದರೆ ಹೇಗೆ ಮತ ಹಾಕಿದ ಅನ್ನುವುದಕ್ಕಲ್ಲ ಈ ಪರಿಹಾರ, ಆಸ್ತಿ ಹೋದದ್ದಕ್ಕೆ. ಪರೀಕ್ಷೆಯಲ್ಲಿ ‘ಲಂಚ ಕೊಟ್ಟು ಪಾರ್ಲಿಮೆಂಟನ್ನು ಕೊಂಡರು’ ಎಂದು ಒಂದೇ ಸಾಲಿನಲ್ಲಿ ಬರೆಯಬೇಡ. ಪದವಿ, ಪಿಂಚಣಿಗಳು ಲಂಚವೇ. ಈ 15,000 ಮಾತ್ರ ಲಂಚಕ್ಕಿಂತ ಸೋಜಿಗದ ವಸ್ತು. ಎಂಪಿ ಸ್ಥಾನ ಒಬ್ಬನ ಖಾಸಗಿ ಸೊತ್ತು ಎಂದು ಎರಡೂ ಪಕ್ಷದವರು ಒಪ್ಪಿ, ರಸ್ತೆ ಅಗಲ ಮಾಡುವಾಗ ಸೈಟಿಗೆ ಕೊಡುವ ಹಾಗೆ ದರ ಕಟ್ಟಿದ್ದು.

ಟ್ರಿಮ್‌ನಲ್ಲಿ ಕೊನೇಪಕ್ಷ ಮನೆಗಳಿದ್ದವು, ಜನರಿದ್ದರು. ವೆಕ್ಸ್‌ಫರ್ಡ್ ಕೌಂಟಿಯ ಬ್ಯಾನೋ ಪಟ್ಟಣ ಎಂದೋ ಮರಳಲ್ಲಿ ಹೂತುಹೋಗಿತ್ತು. ಪಾಳು ಚರ್ಚು ಬಿಟ್ಟರೆ ಹೇಳಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ, ಆದರೂ ಇಬ್ಬರು ಎಂಪಿ. ಅದಕ್ಕೂ 15,000.

ಇಷ್ಟೊಂದು ಪಟ್ಟಣಗಳು ಎಲ್ಲಿಂದ ಬಂದವು ಎಂದು ಕೇಳಬಹುದು. ಬಹಳಷ್ಟು ಒಂದನೇ ಜೇಮ್ಸ್ ರಾಜನ ಕೈವಾಡ. 1613ರ ಸಭೆಗೆ ಮುಂಚೆ ಪ್ರಾಟೆಸ್ಟಂಟರಿಗೆ ಬಹುಮತ ಬರಲೆಂದೇ ಸುಮಾರು 40 ಹೊಸ ಪಟ್ಟಣಗಳನ್ನು ಹುಟ್ಟಿಸಿದ. ಆ ಸಭೆಯ ಮೊದಲ ದಿನವೇ ಗಲಾಟೆ. ಪ್ರಾಟೆಸ್ಟಂಟರು ಮತ ಎಣಿಸಲು ಹೊರಗೆ ಹೋದಾಗ ಕ್ಯಾಥೊಲಿಕರು ತಮ್ಮ ಜಾನ್ ಎವರಾರ್ಡ್‌ನನ್ನು ಸಭಾಪತಿ ಕುರ್ಚಿಯಲ್ಲಿ ಕೂರಿಸಿಬಿಟ್ಟರು. ಹೊರಗಿದ್ದವರು ಬಂದು ನೋಡಿ, ತಮ್ಮ ಜಾನ್ ಡೇವಿಸ್‌ನನ್ನು ಎತ್ತಿ ತಂದು ಎವರಾರ್ಡನ ತೊಡೆಯ ಮೇಲೆ ಕೂರಿಸಿದರು! ನಮ್ಮ ವಿಧಾನಸಭೆಯ ಗದ್ದಲಗಳನ್ನು ಟಿವಿಯಲ್ಲಿ ನೋಡಿ ಬೇಸರಪಡುವವರಿಗೆ ಈ ದೃಶ್ಯ ಸ್ವಲ್ಪ ಸಮಾಧಾನ ಕೊಟ್ಟೀತು.

ಇನ್ನೊಂದು ವಿಷಯ ಬಿಟ್ಟರೆ ನಿನ್ನ ಉತ್ತರಪತ್ರಿಕೆ ಅರ್ಧವಾಗುತ್ತದೆ. ದೇಶದಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಕ್ಯಾಥೊಲಿಕರು. 1728ರಿಂದ 1793ರವರೆಗೆ ಅವರಿಗೆ ಮತವೇ ಇರಲಿಲ್ಲ. ಸದಸ್ಯರಾಗಿ ಕೂರುವ ಹಕ್ಕು ಈ ಪಾರ್ಲಿಮೆಂಟು ಮುಚ್ಚುವ ದಿನದವರೆಗೂ ಸಿಗಲಿಲ್ಲ. ಅದು ಸಿಕ್ಕಿದ್ದು ಲಂಡನ್ನಿನಲ್ಲಿ, 1829ಕ್ಕೆ. ಆಗ ಪ್ರಧಾನಿಯಾಗಿದ್ದವನು ಯಾರು ಗೊತ್ತೇ? 1793ರಲ್ಲಿ ಕೂಡದು ಅಂದಿದ್ದ ಟ್ರಿಮ್‌ನ ಮಾಜಿ ಎಂಪಿ ಆರ್ಥರ್. ಮನಸ್ಸು ಕರಗಿ ಅಲ್ಲ. ಕೊಡದಿದ್ದರೆ ಐರ್ಲೆಂಡಿನಲ್ಲಿ ಒಳಯುದ್ಧ ಆಗುತ್ತದೆ ಎಂದು ಲೆಕ್ಕ ಹಾಕಿ ಕೊಟ್ಟ. ನನಗೆ ಅವನ ಬಗ್ಗೆ ವಿಶೇಷ ಪ್ರೀತಿ ಇಲ್ಲ, ಆದರೆ ಆ ಲೆಕ್ಕ ಸರಿಯಿತ್ತು.

ಪ್ರಶ್ನೆ: ‘ಕೊಟ್ಟಿಗೆಯಲ್ಲಿ ಹುಟ್ಟಿದ ಮಾತ್ರಕ್ಕೆ ಕುದುರೆ ಆಗುವುದಿಲ್ಲ’ ಎಂದು ವೆಲ್ಲಿಂಗ್ಟನ್ ತನ್ನ ಐರಿಷ್ ಹುಟ್ಟಿನ ಬಗ್ಗೆ ಹೇಳಿದ್ದು ಹೌದೇ?
— ಶಿವಮೊಗ್ಗದ ಓದುಗರು

ಉತ್ತರ: ಅವನು ಹೇಳಿದ್ದಲ್ಲ, ಅವನ ಬಗ್ಗೆ ಐರಿಷ್ ಕ್ಯಾಥೊಲಿಕರ ನಾಯಕ ಡೇನಿಯಲ್ ಓಕಾನಲ್ 1843ರಲ್ಲಿ ಚುಚ್ಚಿ ಹೇಳಿದ್ದು. ವಿರೋಧಿಯ ಮಾತು ಅವನ ಬಾಯಿಗೇ ಅಂಟಿಕೊಂಡಿದೆ.

ಪ್ರಶ್ನೆ: ನಾವು ಆಲೂಗಡ್ಡೆ ಬೆಳೆಯುವವರು. ಟಿಪ್ಪುವನ್ನು ಸೋಲಿಸಿದ್ದಕ್ಕೆ ಗವರ್ನರ್ ಜನರಲ್‌ಗೆ ಬಹುಮಾನವಾಗಿ ‘ಚಿನ್ನದ ಆಲೂಗಡ್ಡೆ’ ಕೊಟ್ಟರೆಂದು ಎಲ್ಲೋ ಕೇಳಿದೆ. ಏನಿದು?
— ಹಾಸನದ ಓದುಗರು

ಉತ್ತರ: ನಿಜವಾದ ಗೆಡ್ಡೆ ಅಲ್ಲ, ಬೈಗುಳ. ಶ್ರೀರಂಗಪಟ್ಟಣ ಬಿದ್ದ ಮೇಲೆ ರಿಚರ್ಡ್ ವೆಲ್ಲೆಸ್ಲಿಗೆ ಇಂಗ್ಲೆಂಡಿನ ದೊಡ್ಡ ಪದವಿಯ ಆಸೆ ಇತ್ತು. 1799ರ ಡಿಸೆಂಬರಿನಲ್ಲಿ ಬಂದದ್ದು ಮಾರ್ಕ್ವಿಸ್ ಪದವಿಯೇನೋ ಹೌದು, ಆದರೆ ಐರ್ಲೆಂಡಿನ ಮಾರ್ಕ್ವಿಸ್. ಇಂಗ್ಲಿಷ್ ಪದವಿಗೆ ಲಂಡನ್ನಿನ ಮೇಲ್ಮನೆಯಲ್ಲಿ ಕುರ್ಚಿ ಇರುತ್ತದೆ. ಐರಿಷ್ ಪದವಿಗೆ ಡಬ್ಲಿನ್ನಿನ ಮೇಲ್ಮನೆ, ಅದೂ ಇವತ್ತೋ ನಾಳೆಯೋ ಮುಚ್ಚುವುದು. ಮುಚ್ಚಲು ಒಪ್ಪಿಸುವುದಕ್ಕೆಂದು ಐರಿಷ್ ಪದವಿಗಳನ್ನು ಆಗ ಬೇಕಾದವರಿಗೆಲ್ಲ ಹಂಚುತ್ತಲೂ ಇದ್ದರು. ಸಂತೆಯಲ್ಲಿ ಸಿಗುವ ಮಾಲನ್ನು ತನಗೆ ಕಟ್ಟಿದರು ಎಂದು ರಿಚರ್ಡ್ ಉರಿದುಬಿದ್ದ. ‘ಎರಡು ಸಲ ಚಿನ್ನದ ನೀರು ಕೊಟ್ಟ ಆಲೂಗಡ್ಡೆ’ ಎಂದು ಅದನ್ನು ಜರೆದ. ಅನ್ನನೀರು ಬಿಟ್ಟವನ ಹಾಗೆ ಎಷ್ಟೋ ದಿನ ಕೊರಗಿದ. ಐರ್ಲೆಂಡಿನಲ್ಲೇ ಹುಟ್ಟಿ, ಟ್ರಿಮ್‌ನ ಸೀಟಿನಿಂದ ರಾಜಕೀಯ ಶುರು ಮಾಡಿದವನಿಗೆ ಐರಿಷ್ ಅನ್ನುವುದೇ ಕೀಳಾಗಿ ಕಂಡಿತು. ಆ ಮನೆಯವರಿಗೆ ಊರು ಬೇಕಾಗಿತ್ತು, ಊರಿನ ಹೆಸರು ಬೇಡವಾಗಿತ್ತು.

ನಿಮ್ಮ ಬೆಳೆಗೆ ಈ ವರ್ಷ ಒಳ್ಳೆ ರೇಟು ಸಿಗಲಿ.

ಪ್ರಶ್ನೆ: ಆ ಹಳೆಯ ಪಾರ್ಲಿಮೆಂಟ್ ಕಟ್ಟಡ ಈಗಲೂ ಇದೆಯೇ? ಟ್ರಿಮ್‌ಗೆ ಈಗ ಎಂಪಿ ಯಾರು?
— ಬೆಂಗಳೂರಿನ ಓದುಗರು

ಉತ್ತರ: ಇದೆ, ಡಬ್ಲಿನ್ನಿನ ಕಾಲೇಜ್ ಗ್ರೀನ್‌ನಲ್ಲಿ, ಟ್ರಿನಿಟಿ ಕಾಲೇಜಿನ ಎದುರಿಗೆ. ಎಡ್ವರ್ಡ್ ಲವೆಟ್ ಪಿಯರ್ಸ್ ಅನ್ನುವವನ ವಿನ್ಯಾಸ, 1729ರಲ್ಲಿ ಕೆಲಸ ಶುರುವಾದದ್ದು. ಎರಡು ಸದನಗಳಿಗೆಂದೇ ಹೊಸದಾಗಿ ಕಟ್ಟಿದ ಇಂಥ ಮನೆ ಜಗತ್ತಿನಲ್ಲಿ ಅದೇ ಮೊದಲನೆಯದು ಎನ್ನುತ್ತಾರೆ. ಕೆಳಮನೆಯ ಎಂಟು ಮೂಲೆಯ ಗುಮ್ಮಟದ ಸಭಾಂಗಣ 1792ರ ಫೆಬ್ರವರಿಯಲ್ಲಿ ಬೆಂಕಿಗೆ ಹೋಯಿತು. ಮತ್ತೆ ದುಂಡಗೆ ಕಟ್ಟಿದರು. ವಿಲೀನದ ನಂತರ ಕಟ್ಟಡವನ್ನು ಬ್ಯಾಂಕ್ ಆಫ್ ಐರ್ಲೆಂಡಿಗೆ ಮಾರಿದರು, ಒಂದು ಷರತ್ತಿನ ಮೇಲೆ: ಕೆಳಮನೆಯ ಸಭಾಂಗಣ ಮತ್ತೆಂದೂ ಚರ್ಚೆಗೆ ಬಳಸಲಾಗದಂತೆ ಬದಲಾಗಬೇಕು. ಬ್ಯಾಂಕಿನವರು ಒಡೆದು ಬದಲಾಯಿಸಿದರು. ಮೇಲ್ಮನೆಯ ಕೋಣೆ ಮಾತ್ರ ಹಾಗೇ ಉಳಿದಿದೆ; ಗೋಡೆಗೆ ದೊಡ್ಡ ನೇಯ್ಗೆಯ ಚಿತ್ರಗಳು, ಅದರಲ್ಲೊಂದು 1690ರ ಬಾಯ್ನ್ ಕದನದ್ದು.

ಟ್ರಿಮ್‌ಗೆ ಅಂತ ಪ್ರತ್ಯೇಕ ಸದಸ್ಯ 1800ರ ನಂತರ ಯಾರೂ ಇಲ್ಲ. ಈಗ ಅದು ಐರ್ಲೆಂಡಿನ ಸಂಸತ್ತಿನ ಪಶ್ಚಿಮ ಮೀತ್ ಕ್ಷೇತ್ರಕ್ಕೆ ಸೇರಿದೆ. ಆ ಕ್ಷೇತ್ರಕ್ಕೆ ಮೂರು ಸ್ಥಾನ; ಮತದಾರರು ಒಬ್ಬರಿಗೆ ಮುದ್ರೆ ಒತ್ತುವುದಲ್ಲ, ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ತಮ್ಮ ಇಷ್ಟದ ಕ್ರಮ ಬರೆಯುತ್ತಾರೆ. ನಮ್ಮಲ್ಲಿ ರಾಷ್ಟ್ರಪತಿ ಚುನಾವಣೆಯಲ್ಲಿ, ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಬರೆಯುತ್ತಾರಲ್ಲ, ಹಾಗೆ. ಎಣಿಕೆ ಒಂದೇ ದಿನಕ್ಕೆ ಮುಗಿಯುವುದು ಅಪರೂಪ.